ಚಕ್ರದಿಂದ ಚಕ್ರಕ್ಕೆ ಮೂವತ್ತೆಂಟು ನಿಮಿಷ

ನಮ್ಮ ಕಚೇರಿಯ ಗೋಡೆಯ ಮೇಲಿರುವ ಬಿಳಿ ಬೋರ್ಡನ್ನು ಬರೆದವಳು ನಾನೇ. ಇಲ್ಲಿಂದ ಹೊರಡುವ ಸಣ್ಣ ವಿಮಾನಗಳು ಇಳಿಯಬಹುದಾದ ಹನ್ನೊಂದು ನಿಲ್ದಾಣಗಳು, ಪ್ರತಿಯೊಂದರ ಎದುರಿಗೆ ಎಷ್ಟು ಕಿಲೋಮೀಟರ್, ಎಷ್ಟು ನಿಮಿಷ. ಇಪ್ಪತ್ತೆರಡು ವರ್ಷಗಳಲ್ಲಿ ಗೋಡೆಗೆ ಎರಡು ಸಲ ಬಣ್ಣ ಹೊಡೆದಿದ್ದಾರೆ, ಅಂಕಿಗಳು ಬದಲಾಗಿಲ್ಲ. ಯಾರಾದರೂ "ಸುಮಾರು ಮುಕ್ಕಾಲು ಗಂಟೆ ಆಗಬಹುದು" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸುಮಾರು ಎಂದರೇನು? ನಲವತ್ತೋ, ಐವತ್ತೋ? ಅಂಕಿ ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಿ ಎಂದು ಪೈಲಟ್‌ಗಳಿಗೇ ಬೈದವಳು ನಾನು. ಬೆನ್ನ ಹಿಂದೆ ನನ್ನನ್ನು ನಿಮಿಷದಕ್ಕ ಎಂದು ಕರೆಯುತ್ತಾರೆಂದು ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಹಿಗ್ಗುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ನನ್ನ ಕೆಲಸ ಇಷ್ಟು. ವಿಮಾನಕ್ಕೆ ಎಷ್ಟು ಇಂಧನ, ಎಷ್ಟು ತೂಕ, ಯಾವ ದಾರಿ, ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ ಪೈಲಟ್ ಕೈಗೆ ಕಾಗದ ಕೊಡುವುದು. ಹಾರಿದ ಮೇಲೆ ಅದು ಇಳಿಯುವವರೆಗೆ ರೇಡಿಯೊ ಪಕ್ಕ ಕೂರುವುದು. ನಮ್ಮಲ್ಲಿ ಹೊತ್ತು ಎಂದರೆ ಚಕ್ರದಿಂದ ಚಕ್ರಕ್ಕೆ. ಇಲ್ಲಿ ಚಕ್ರ ನೆಲ ಬಿಟ್ಟ ಕ್ಷಣದಿಂದ ಅಲ್ಲಿ ಚಕ್ರ ನೆಲ ಮುಟ್ಟಿದ ಕ್ಷಣದವರೆಗೆ. ಅದಕ್ಕೂ ಮೊದಲು ಏನು, ಆಮೇಲೆ ಏನು, ಅದೆಲ್ಲ ಬೇರೆಯವರ ತಲೆನೋವು. ಚಕ್ರ ಮುಟ್ಟಿತು ಎಂದು ಸುದ್ದಿ ಬಂದರೆ ಪೆನ್ನು ಕೆಳಗಿಟ್ಟು ಟೀ ಕುಡಿಯುವವಳು ನಾನು.

ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಆಸ್ಪತ್ರೆಯ ನರ್ಸೊಬ್ಬಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಮೂರು ದಿನದ ಹೆಣ್ಣುಮಗು, ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಶ್ವಾಸಕೋಶ ಇನ್ನೂ ಬಲಿತಿಲ್ಲ. ನೂರ ಅರವತ್ತು ಕಿಲೋಮೀಟರ್ ಆಚೆಯ ಊರಿನಲ್ಲಿ ಅಂಥ ಮಕ್ಕಳ ಆಸ್ಪತ್ರೆಯಿದೆ. ರಸ್ತೆಯಲ್ಲಾದರೆ ಬೆಟ್ಟ ಸುತ್ತಿಕೊಂಡು ಐದೂವರೆ ಗಂಟೆ. ಅದಕ್ಕೇ ನಮ್ಮ ಒಂಬತ್ತು ಸೀಟಿನ ವಿಮಾನದ ಸೀಟುಗಳನ್ನು ಕಿತ್ತು, ಮಗುವಿನ ಗಾಜಿನ ಪೆಟ್ಟಿಗೆ ಇಡಲು ಜಾಗ ಮಾಡಿದ್ದರು. ನರ್ಸಿನ ಕೈಯಲ್ಲಿ ತೋಳುದ್ದದ ಒಂದು ಆಕ್ಸಿಜನ್ ಸಿಲಿಂಡರ್ ಇತ್ತು.

"ಮೇಡಂ, ಅಲ್ಲಿಗೆ ಎಷ್ಟು ಹೊತ್ತಾಗುತ್ತೆ?"

"ಮೂವತ್ತೆಂಟು ನಿಮಿಷ."

"ಪೆಟ್ಟಿಗೆ ಜೊತೆ ಒಂದು ಸಿಲಿಂಡರ್ ಇದೆ. ಅದು ಒಂದು ಗಂಟೆ ಬರುತ್ತೆ. ಇದು ಎರಡನೇದು, ಇದನ್ನೂ ಇಟ್ಕೊಳ್ಳೋಣ ಅಂತ."

ನಮ್ಮ ವಿಮಾನದಲ್ಲಿ ಸಿಲಿಂಡರ್ ಸಿಕ್ಕಿಸುವ ಕೊಂಡಿ ಇರುವುದು ಒಂದೇ. ಇನ್ನೊಂದನ್ನು ಒಯ್ಯಬೇಕಾದರೆ ಮೆಕ್ಯಾನಿಕ್ ಬಂದು ಅದನ್ನು ಬೆಲ್ಟು ಹಾಕಿ ನೆಲಕ್ಕೆ ಬಿಗಿಯಬೇಕು, ನಾನೊಂದು ಫಾರಂ ತುಂಬಬೇಕು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಮೂವತ್ತೆಂಟು ನಿಮಿಷಕ್ಕೆ ಒಂದು ಗಂಟೆ ಸಿಲಿಂಡರ್ ಇದೆಯಲ್ಲಮ್ಮ, ಇನ್ನೊಂದು ಯಾಕೆ? ಇದನ್ನ ಕಟ್ಟಿಸೋಕೇ ಹತ್ತು ನಿಮಿಷ ಹೋಗುತ್ತೆ. ಆ ಹತ್ತು ನಿಮಿಷ ಮಗುಗೆ ಉಳಿಸಿ."

ನರ್ಸು ಬೆರಳೆಣಿಸಿದಳು. "ಹತ್ತಿಸೋದು ಗಿತ್ತಿಸೋದು ಅಂತ ಇನ್ನೊಂದು ಹತ್ತು ಸೇರಿಸಿದ್ರೂ ಐವತ್ತರ ಒಳಗೆ... ಖಂಡಿತ ಮೂವತ್ತೆಂಟೇ ತಾನೆ ಮೇಡಂ?"

"ಬೋರ್ಡ್ ನೋಡಿ. ಇಪ್ಪತ್ತೆರಡು ವರ್ಷದಿಂದ ಅದೇ ಇದೆ."

ಬೋರ್ಡು ನೋಡಿದಳು. ಸಿಲಿಂಡರನ್ನು ನನ್ನ ಕೋಣೆಯ ಮೂಲೆಯಲ್ಲಿಟ್ಟು ಓಡಿದಳು. ನಾನು ಎಂದಿನಂತೆ ನನ್ನ ಪುಸ್ತಕದಲ್ಲಿ ಒಂದೊಂದನ್ನೂ ಬರೆಯುತ್ತಾ ಹೋದೆ. ಹತ್ತು ಹನ್ನೆರಡಕ್ಕೆ ಮಗುವನ್ನು ಆಂಬುಲೆನ್ಸಿನ ದೊಡ್ಡ ಸಿಲಿಂಡರಿನಿಂದ ಬಿಡಿಸಿ ಚಿಕ್ಕದಕ್ಕೆ ಹಾಕಿದರು. ಹತ್ತು ಇಪ್ಪತ್ತೊಂದಕ್ಕೆ ಬಾಗಿಲು ಮುಚ್ಚಿತು. ಹತ್ತು ಮೂವತ್ತಕ್ಕೆ ಹಾರಿತು. ಬಾಗಿಲು ಮುಚ್ಚಿದ ಮೇಲೆ ಹಾರಲು ಒಂಬತ್ತು ನಿಮಿಷ ತೆಗೆದುಕೊಂಡ ಕ್ಯಾಪ್ಟನ್‌ಗೆ ನಮ್ಮಲ್ಲಿ ಆಮೆ ಎಂದೇ ಹೆಸರು. ನೆಲದ ಮೇಲೆ ವಿಮಾನ ಓಡಿಸುವಾಗ ತೊಟ್ಟಿಲು ತಳ್ಳುವವನ ಹಾಗೆ ಹೋಗುತ್ತಾನೆ.

ವಿಮಾನದ ಸದ್ದು ಅಡಗುವ ಮೊದಲೇ ಒಬ್ಬ ಹೆಂಗಸು ನನ್ನ ಕೋಣೆಗೆ ಬಂದಳು. ಅರವತ್ತೈದರ ಆಸುಪಾಸು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ಸೆರಗಿಗೆ ಮೂರು ನಾಲ್ಕು ಗುಂಡುಪಿನ್ನು ಚುಚ್ಚಿಕೊಂಡಿದ್ದಳು. ಹೊಲಿಗೆ ಯಂತ್ರದ ಮುಂದಿನಿಂದ ಹಾಗೇ ಎದ್ದು ಬಂದ ಟೈಲರಮ್ಮ.

"ಆ ಮಗು ಅಜ್ಜಿ ನಾನು. ಮಗಳು ಆಪರೇಷನ್ ಆಗಿ ಮಲಗಿದಾಳೆ, ಅಳಿಯ ಬೆಳಿಗ್ಗೆ ಆರಕ್ಕೇ ರಸ್ತೇಲಿ ಹೊರಟ. ವಿಮಾನದಲ್ಲಿ ನನಗೆ ಜಾಗ ಇಲ್ಲ ಅಂದ್ರು. ಇಲ್ಲೇ ಕೂತ್ಕೊಳ್ಲಾ? ಹೊರಗೆ ಆ ಟಿವಿ ಒಂದೇ ಸಮನೆ ಬಡ್ಕೊಳ್ತಿದೆ."

ಹೊರಗಿನವರು ಒಳಗೆ ಬರುವ ಹಾಗಿಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವುದರೊಳಗೆ ಕೂತಾಗಿತ್ತು. ಕೈಚೀಲವನ್ನು ಮೂಲೆಯ ಸಿಲಿಂಡರಿನ ಕತ್ತಿಗೆ ನೇತುಹಾಕಿದಳು. "ಒಳಗೇ ಗ್ಯಾಸ್ ಇಟ್ಕೊಂಡಿದೀರಾ? ಟೀ ಮಾಡ್ಕೊಳ್ಳೋಕಾ? ಒಳ್ಳೇದು ಬಿಡಿ" ಎಂದಳು. ನಾನು ನಕ್ಕೆ.

ಟೈಲರಮ್ಮ ಬೋರ್ಡನ್ನು ಮೇಲಿಂದ ಕೆಳಗೆ ಓದಿದಳು. ಸುಮ್ಮನೆ ಕೂರುವ ಜಾತಿಯಲ್ಲ.

"ಮೂವತ್ತೆಂಟು ನಿಮಿಷವಾ? ನಮ್ಮ ಅಳಿಯ ಅಷ್ಟರಲ್ಲಿ ಗಾಡಿ ಒರೆಸಿ ಸ್ಟಾರ್ಟ್ ಮಾಡಿರಲ್ಲ." ಮತ್ತೆ ಬೋರ್ಡಿಗೆ ಬೆರಳು ಮಾಡಿ, "ಈ ಮೂವತ್ತೆಂಟರಲ್ಲಿ ಬಾಗಿಲು ತೆಗೆಯೋದೂ ಸೇರಿದೆಯಾ?" ಎಂದಳು.

"ಇಲ್ಲ. ಅದು ಚಕ್ರದಿಂದ ಚಕ್ರಕ್ಕೆ." ನಾನು ಕುರ್ಚಿ ತಿರುಗಿಸಿ ದೊಡ್ಡದಾಗಿ ವಿವರಿಸಿದೆ. ಗಾಳಿ ಇಲ್ಲದ ದಿನ, ನೆಲ ಬಿಟ್ಟ ಕ್ಷಣ, ನೆಲ ಮುಟ್ಟಿದ ಕ್ಷಣ.

"ಓ, ಹಾಗಾದ್ರೆ ಇದು ಬರೀ ಮೈ ಅಳತೆ ಅನ್ನಿ. ಮೈ ಅಳತೆಗೇ ಬಟ್ಟೆ ಕತ್ತರಿಸಿದ್ರೆ ತೋಳು ತೂರಲ್ಲ ಮೇಡಂ. ಹೊಲಿಗೆಗೆ ಅಂತ ಎರಡೆರಡು ಬೆರಳು ಬಿಟ್ಟು ಕತ್ತರಿಸ್ತೀವಿ ನಾವು. ನೀವು ಎಷ್ಟು ಬಿಟ್ಟಿದೀರಿ?"

ನಾನು ಬೋರ್ಡಿನ ಕಡೆ ತಿರುಗಿದೆ.

ಪುಸ್ತಕ ಎಳೆದುಕೊಂಡೆ. ಹತ್ತು ಹನ್ನೆರಡಕ್ಕೆ ಸಿಲಿಂಡರ್ ಶುರು. ಒಂದು ಗಂಟೆಯದು, ಹನ್ನೊಂದು ಹನ್ನೆರಡಕ್ಕೆ ಮುಗಿಯುತ್ತದೆ. ಹಾರಿದ್ದು ಹತ್ತು ಮೂವತ್ತಕ್ಕೆ. ಮತ್ತೆ ಇವತ್ತು ಎದುರುಗಾಳಿ. ಪೈಲಟ್‌ಗೆ ನಾನೇ ಕೊಟ್ಟ ಕಾಗದದಲ್ಲಿ ನಲವತ್ತನಾಲ್ಕು ನಿಮಿಷ ಎಂದು ನನ್ನ ಕೈಯಾರೆ ಬರೆದಿದ್ದೆ. ನರ್ಸು ಕೇಳಿದಾಗ ಮಾತ್ರ ನಾಲಿಗೆ ತಾನಾಗಿ ಬೋರ್ಡಿನ ಅಂಕಿ ಹೇಳಿತ್ತು. ಹತ್ತು ಮೂವತ್ತಕ್ಕೆ ನಲವತ್ತನಾಲ್ಕು ಕೂಡಿಸಿದರೆ ಹನ್ನೊಂದು ಹದಿನಾಲ್ಕು. ಆಮೇಲೆ ರನ್‌ವೇಯಿಂದ ಕಟ್ಟಡದವರೆಗೆ ಆಮೆಯ ನಡಿಗೆ, ಎಂಜಿನ್ ನಿಲ್ಲಿಸುವುದು, ಬಾಗಿಲು, ಮೆಟ್ಟಿಲು, ಪೆಟ್ಟಿಗೆ ಇಳಿಸುವುದು, ಆಂಬುಲೆನ್ಸಿನ ದೊಡ್ಡ ಸಿಲಿಂಡರಿಗೆ ಹಾಕುವುದು. ಕಡಿಮೆಯೆಂದರೆ ಹನ್ನೊಂದು ಇಪ್ಪತ್ತೈದು. ಹದಿಮೂರು ನಿಮಿಷ ಆ ಮಗುವಿಗೆ ಆಕ್ಸಿಜನ್ ಇಲ್ಲ. ನರ್ಸು ಕೇಳಿದ್ದು ಈ ಸಿಲಿಂಡರಿನಿಂದ ಆ ಸಿಲಿಂಡರಿನವರೆಗೆ ಎಷ್ಟು ಹೊತ್ತು ಎಂದು. ನಾನು ಹೇಳಿದ್ದು ಚಕ್ರದ ಲೆಕ್ಕ.

ಗಡಿಯಾರದಲ್ಲಿ ಹತ್ತು ನಲವತ್ತೊಂದು. ರೇಡಿಯೊ ಎತ್ತಿಕೊಂಡೆ.

"ಕ್ಯಾಪ್ಟನ್, ಸಿಲಿಂಡರ್ ಮೀಟರಿನ ಮುಳ್ಳು ಎಲ್ಲಿದೆ ಅಂತ ನರ್ಸನ್ನ ಕೇಳಿ."

ಎಂಜಿನಿನ ಗುಂಯ್‌ಗುಟ್ಟುವಿಕೆಯ ನಡುವೆ ಅವನು ಹಿಂದೆ ತಿರುಗಿ ಕೂಗಿದ್ದು ಕೇಳಿಸಿತು. "ಅರ್ಧಕ್ಕೆ ಬಂದಿದೆ ಅಂತೆ. ಯಾಕಕ್ಕ?"

"ಸಾಲಲ್ಲ. ನೀವು ಬಾಗಿಲು ತೆಗೆಯೋ ಹೊತ್ತಿಗೆ ಹದಿಮೂರು ನಿಮಿಷ ಕಡಿಮೆ ಬೀಳುತ್ತೆ. ತುರ್ತು ಅಂತ ಘೋಷಿಸಿ. ಎಷ್ಟು ಜೋರಾಗಿ ಹೋಗೋಕಾಗುತ್ತೋ ಅಷ್ಟು ಹೋಗಿ."

ಎಷ್ಟಾಗುತ್ತೋ ಅಷ್ಟು ಎಂಬ ಮಾತನ್ನು ನನ್ನ ಬಾಯಿಂದ ಅವನು ಎಂದೂ ಕೇಳಿರಲಿಲ್ಲ.

"ಎರಡು ನಿಮಿಷ ಉಳಿಸಬಹುದು. ಅದಕ್ಕಿಂತ ಜಾಸ್ತಿ ಈ ಎಂಜಿನ್ ಕೇಳಲ್ಲ. ಆಮೆ ಆಮೆ ಅಂತೀರಲ್ಲ, ನೆಲ ಮುಟ್ಟಿದ ಮೇಲೆ ನೋಡಿ ಇವತ್ತು" ಎಂದು ಇಟ್ಟ.

ಈಗ ಫೋನು. ಅದು ರೇಡಿಯೊಗಿಂತ ಭಾರವಾಗಿತ್ತು. ಆ ಕಡೆಯ ನಿಲ್ದಾಣದಲ್ಲಿ ನನ್ನ ಕೆಲಸವನ್ನೇ ಮಾಡುವವನು ನನ್ನ ಹತ್ತಿರವೇ ಕಲಿತ ಹುಡುಗ, ಈಗ ನಲವತ್ತು ದಾಟಿದ್ದಾನೆ. ನಾನಿಟ್ಟ ಹೆಸರು ತಕರಾರು. ನಾಲ್ಕು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಎಲ್ಲರೆದುರಿಗೆ, "ಅಕ್ಕ, ಬೋರ್ಡಲ್ಲಿ ಬಾಗಿಲಿಂದ ಬಾಗಿಲಿಗೆ ಎಷ್ಟಂತ ಇನ್ನೊಂದು ಸಾಲು ಬರೀರಿ, ಜನಕ್ಕೆ ಬೇಕಾಗೋದು ಅದು" ಎಂದಿದ್ದ. ಜನರಿಗೆ ಬೇಕಾದ್ದನ್ನು ಬಸ್ ನಿಲ್ದಾಣದಲ್ಲಿ ಹೋಗಿ ಬರೆಯೋ ಎಂದು ನಾನು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ. ಅಂದಿನಿಂದ ಬೇಕಾದಷ್ಟೇ ಮಾತು.

"ಅಕ್ಕ?" ಎಂದ. ಕಚೇರಿಯ ಫೋನಿಗಲ್ಲದೆ ಅವನ ಸ್ವಂತ ನಂಬರಿಗೆ ಮಾಡಿದ್ದೆ.

ಹೇಳಿದೆ. ನಾಲ್ಕೇ ಮಾತಿನಲ್ಲಿ ಹೇಳಿದೆ.

"ಹದಿಮೂರು ನಿಮಿಷ... ಬಾಗಿಲಿಂದ ಬಾಗಿಲಿಗಾ?"

"ಹೌದು ಕಣೋ. ಬಾಗಿಲಿಂದ ಬಾಗಿಲಿಗೆ."

ಅವನು ಚುಚ್ಚಿದ್ದರೆ ಚೆನ್ನಾಗಿತ್ತು. ಚುಚ್ಚಲಿಲ್ಲ. "ಹನ್ನೊಂದು ಹತ್ತಕ್ಕೆ ಇಲ್ಲಿ ದೊಡ್ಡ ವಿಮಾನ ಬರ್ತಿದೆ, ನೂರೈವತ್ತು ಜನ. ಅದಿರೋದ್ರಿಂದ ನಿಮ್ಮದು ನಿಮ್ಮ ಲೆಕ್ಕದಲ್ಲಿರೋ ದಿನದ ಸುತ್ತು ಹೊಡೆದೇ ಇಳೀಬೇಕಿತ್ತು. ಟವರ್‌ಗೆ ಹೇಳಿ ಅದನ್ನೇ ಸುತ್ತು ಹಾಕಿಸ್ತೀನಿ, ನಿಮ್ಮದು ನೇರ ಇಳೀಲಿ. ಐದು ನಿಮಿಷ ಉಳೀತು. ಕಟ್ಟಡದವರೆಗೆ ಬರೋದೇ ಬೇಡ, ಆಂಬುಲೆನ್ಸನ್ನ ರನ್‌ವೇ ಪಕ್ಕಕ್ಕೇ ಕಳಿಸ್ತೀನಿ. ಅಲ್ಲಿ ಏಳೆಂಟು ನಿಮಿಷ. ಆಗುತ್ತೆ ಅಕ್ಕ. ಕೂದಲೆಳೆಯಲ್ಲಿ ಆಗುತ್ತೆ."

ಫೋನಿಟ್ಟೆ. ಟೈಲರಮ್ಮ ನನ್ನನ್ನೇ ನೋಡುತ್ತಿದ್ದಳು. ಕೈಚೀಲ ಈಗ ಅವಳ ತೊಡೆಯ ಮೇಲಿತ್ತು.

"ನಾನು ಕಿವುಡಿಯಲ್ಲ" ಎಂದಳು. "ಆ ಮೂಲೇಲಿರೋದು ಗ್ಯಾಸ್ ಅಲ್ಲ ಅಲ್ವಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ: ಹಳೆಯದು, ಖಾಲಿ, ನಮ್ಮದೇ. ಆ ಮುಖ ನೋಡಿ ಆಗಲಿಲ್ಲ.

"ಅಲ್ಲ ಅಮ್ಮ. ಆಕ್ಸಿಜನ್ನು. ನಿಮ್ಮ ಮೊಮ್ಮಗಳಿಗೆ ಅಂತ ನರ್ಸು ತಂದಿದ್ದು. ನಾನೇ ಬೇಡ ಅಂದೆ. ಮೂವತ್ತೆಂಟು ನಿಮಿಷಕ್ಕೆ ಎರಡು ಯಾಕೆ ಅಂದೆ. ತಪ್ಪು ನಂದೇ."

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಎದ್ದು ಮೂಲೆಗೆ ಹೋಗಿ ಸಿಲಿಂಡರಿನ ನೆತ್ತಿಯ ಮೇಲೆ ಅಂಗೈ ಇಟ್ಟಳು.

"ಇದು ಇಲ್ಲಿದೆ" ಎಂದಳು. "ಮಗು ಅಲ್ಲಿದೆ."

"ಅಮ್ಮ..."

"ಬಾಯಿ ಮುಚ್ಚು. ಅಮ್ಮ ಗಿಮ್ಮ ಅನ್ಬೇಡ ನನ್ನ. ಅತ್ತು ಕರೆದು ಮಾಡೋದು ಆಮೇಲೆ ಮಾಡು. ಇನ್ನೂ ಯಾರಿಗೆ ಫೋನ್ ಮಾಡ್ಬೇಕೋ ಮಾಡು. ನಿಂಗೆ ಗೊತ್ತಿರೋ ಕೆಲಸ ಅದೊಂದೇ ತಾನೆ? ಮಾಡು!"

ಮೇಡಂ ಹೋಗಿ ನೀನು ಆಗಿತ್ತು. ಆಗಲಿ, ನನಗೆ ತಕ್ಕದ್ದೇ. ಆ ಊರಿನ ಆಸ್ಪತ್ರೆಗೆ ಮಾಡಿದೆ, ಆಂಬುಲೆನ್ಸಿನ ಜೊತೆ ಡಾಕ್ಟರೂ ಬರಬೇಕು ಎಂದು ಕೂಗಿ ಹೇಳಿದೆ. ಈಗಾಗಲೇ ಹೊರಟಿದ್ದಾರೆ ಎಂದರು. ನಕಾಶೆ ಬಿಡಿಸಿ ಹೊಸ ಲೆಕ್ಕ ಹಾಕಿದೆ. ಹನ್ನೊಂದು ಏಳಕ್ಕೆ ಚಕ್ರ ಮುಟ್ಟಿದರೆ, ಅಲ್ಲೇ ನಿಂತು ಬಾಗಿಲು ತೆಗೆದು ದೊಡ್ಡ ಸಿಲಿಂಡರಿಗೆ ಹಾಕಿದರೆ ಹನ್ನೊಂದು ಹತ್ತು. ಎರಡು ನಿಮಿಷ ಮಿಗುತ್ತದೆ. ಅದನ್ನು ಟೈಲರಮ್ಮನಿಗೆ ಹೇಳಿದೆ. ಅವಳು ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ, "ಎರಡು ನಿಮಿಷ" ಎಂದಷ್ಟೇ ಅಂದಳು.

ಹತ್ತು ಐವತ್ಮೂರಕ್ಕೆ ರೇಡಿಯೊ ಕರಕರ ಎಂದಿತು.

"ಅಕ್ಕ, ಮಗು ತುಟಿ ನೀಲಿಗೆ ತಿರುಗ್ತಿದೆ ಅಂತ ನರ್ಸು ಆಕ್ಸಿಜನ್ ಜಾಸ್ತಿ ಮಾಡಿದಾರೆ. ಮಾಡ್ಲೇಬೇಕಿತ್ತಂತೆ. ಮುಳ್ಳು ಬೇಗ ಇಳೀತಿದೆ. ಹನ್ನೊಂದು ಐದರವರೆಗೆ ಬಂದ್ರೆ ಹೆಚ್ಚು ಅಂತಿದಾರೆ. ನಾನು... ಬೆಟ್ಟ..."

ಧ್ವನಿ ಚೂರುಚೂರಾಗಿ ನಿಂತುಹೋಯಿತು. ಆ ದಾರಿಯಲ್ಲಿ ಆ ಜಾಗಕ್ಕೆ ಬಂದರೆ ಬೆಟ್ಟಸಾಲು ಅಡ್ಡ ಬಂದು ನಮ್ಮ ರೇಡಿಯೊ ಸಾಯುತ್ತದೆ. ದಿನಾ ಸಾಯುತ್ತದೆ. ದಿನಾ ನಾನು ಆ ಹೊತ್ತಿನಲ್ಲಿ ಡಬ್ಬಿಯಿಂದ ಬಿಸ್ಕತ್ತು ತೆಗೆಯುತ್ತೇನೆ.

ಹನ್ನೊಂದು ಐದಕ್ಕೆ ಸಿಲಿಂಡರ್ ಖಾಲಿ. ಹನ್ನೊಂದು ಹತ್ತಕ್ಕೆ ಬಾಗಿಲು. ನಾನು ಕೂದಲೆಳೆಯಲ್ಲಿ ಗೆದ್ದಿದ್ದ ಎರಡು ನಿಮಿಷ ಹೋಗಿ ಐದು ನಿಮಿಷದ ಗುಂಡಿ ಬಿದ್ದಿತ್ತು.

"ಆ ಪಂಪಿರುತ್ತಲ್ಲ, ಕೈಯಲ್ಲಿ ಒತ್ತೋದು" ಎಂದಳು ಟೈಲರಮ್ಮ. "ನನ್ನ ಗಂಡನಿಗೆ ಕೊನೇಲಿ ಒತ್ತಿದ್ರು. ಅದಿರಲ್ವಾ ನರ್ಸ್ ಹತ್ರ?"

"ಇರುತ್ತೆ. ಆದರೆ ಅದು ಬರೀ ಗಾಳಿ. ಆಕ್ಸಿಜನ್ ಅಲ್ಲ."

"ಬರೀ ಗಾಳೀಲಿ ಎಷ್ಟು ನಿಮಿಷ ತಡೆಯುತ್ತೆ?"

"ಗೊತ್ತಿಲ್ಲ."

ಈ ಕೋಣೆಯಲ್ಲಿ ನಿಮಿಷದ ಪ್ರಶ್ನೆಗೆ ನಾನು ಗೊತ್ತಿಲ್ಲ ಎಂದದ್ದು ಅದೇ ಮೊದಲು. ಅವಳು ಕಣ್ಣು ಮುಚ್ಚಿಕೊಂಡಳು. ನಾನು ಗಡಿಯಾರ ನೋಡುತ್ತಾ ಕೂತೆ. ಇಷ್ಟು ವರ್ಷ ಆ ಗಡಿಯಾರದ ಕೆಂಪು ಮುಳ್ಳು ನನ್ನ ಮಾತು ಕೇಳುತ್ತದೆ ಎಂಬ ಹಮ್ಮಿನಲ್ಲಿದ್ದೆ. ನೀರಿನ ಬಾಟಲಿ ಕೈಗೆಟುಕುವಲ್ಲೇ ಇತ್ತು, ಎತ್ತಿಕೊಳ್ಳಲು ಮನಸ್ಸಾಗಲಿಲ್ಲ.

ಹನ್ನೊಂದು ಮೂರಕ್ಕೆ ಫೋನು ಬಂತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

"ಕಾಣಿಸ್ತು ಅಕ್ಕ" ಎಂದ ತಕರಾರು. "ನೇರ ಬರ್ತಿದಾನೆ. ದೊಡ್ಡದನ್ನ ಆಚೆ ಸುತ್ತು ಹಾಕಿಸಿದೀವಿ. ನರ್ಸು ಮಾತಾಡಿದ್ರಂತೆ, ಸಿಲಿಂಡರ್ ಇನ್ನೇನು ಮುಗೀತು, ಕೈಪಂಪ್ ತಗೊಂಡಿದೀನಿ ಅಂದ್ರಂತೆ."

ಟೈಲರಮ್ಮ ಕುರ್ಚಿಯನ್ನು ಫೋನಿನ ಹತ್ತಿರ ಎಳೆದುಕೊಂಡಳು. ನಮ್ಮಿಬ್ಬರ ತಲೆಯೂ ಆ ಫೋನಿನ ಮೇಲೆ ಬಗ್ಗಿತ್ತು.

"ಬರ್ತಿದಾನೆ... ಬರ್ತಿದಾನೆ... ಚಕ್ರ ಮುಟ್ಟಿತು! ಹನ್ನೊಂದು ಆರು!"

ನನ್ನ ಕೈಯಲ್ಲಿ ಪೆನ್ನು ಇತ್ತು. ಅಭ್ಯಾಸಬಲ, ಕೈ ತಾನಾಗಿ ಪುಸ್ತಕದಲ್ಲಿ ಹನ್ನೊಂದು ಆರು ಎಂದು ಬರೆಯಿತು. ಉಳಿದ ದಿನಗಳಲ್ಲಿ ನನ್ನ ಕೆಲಸ ಮುಗಿಯುತ್ತಿದ್ದ ಕ್ಷಣ ಅದು.

"ಆಂಬುಲೆನ್ಸ್ ಎಲ್ಲಿ?" ಎಂದೆ.

"ಅಯ್ಯೋ ಇವನ..." ಎಂದ. "ಗೇಟ್ ಹತ್ರ ನಿಂತಿದೆ ಅಕ್ಕ! ಗೇಟಿನವನು ಬಿಟ್ಟಿಲ್ಲ. ಕಾಗದ ಕೇಳ್ತಿದಾನೇನೋ. ಫೋನಲ್ಲಿ ಹೇಳಿದ್ದೆ ಅವನಿಗೆ. ಇರಿ, ನಾನೇ ಹೋಗ್ತೀನಿ, ಇಡಬೇಡಿ..."

ಕುರ್ಚಿ ಬಿದ್ದ ಸದ್ದಾಯಿತು. ಓಡುವ ಹೆಜ್ಜೆ. ಬಾಗಿಲು. ಆಮೇಲೆ ಏನೂ ಇಲ್ಲ.

ಏನೂ ಇಲ್ಲ ಎಂದರೆ, ನೂರ ಅರವತ್ತು ಕಿಲೋಮೀಟರ್ ಆಚೆಯ ಒಂದು ಖಾಲಿ ಕೋಣೆಯ ಸದ್ದು. ಫ್ಯಾನು ಒಂದೊಂದು ಸುತ್ತಿಗೂ ಕಟಕ್ ಎನ್ನುತ್ತಿತ್ತು. ಎಲ್ಲೋ ಇನ್ನೊಂದು ಫೋನು ಬಡಿದುಕೊಂಡು ಸುಮ್ಮನಾಯಿತು. ಹನ್ನೊಂದು ಏಳು. ಎಂಟು. ಟೈಲರಮ್ಮ ನನ್ನ ಮುಂಗೈ ಹಿಡಿದಿದ್ದಳು. ಯಾವಾಗ ಹಿಡಿದಳೋ, ಪ್ರೀತಿಯಿಂದ ಹಿಡಿದದ್ದಂತೂ ಅಲ್ಲ, ಉಗುರು ಒಳಗಿಳಿಯುತ್ತಿತ್ತು. ಬಿಡಿಸಿಕೊಳ್ಳಬೇಕೆಂದು ನನಗೆ ಅನ್ನಿಸಲಿಲ್ಲ. ಒಂಬತ್ತು. ನನ್ನ ಕಣ್ಣ ಮುಂದೆ ಆ ನರ್ಸು ಮೊಣಕಾಲೂರಿ ಕೂತು ರಬ್ಬರ್ ಚೀಲ ಒತ್ತುತ್ತಿದ್ದಾಳೆ, ಬಿಡುತ್ತಿದ್ದಾಳೆ, ಒತ್ತುತ್ತಿದ್ದಾಳೆ. ಬೋರ್ಡ್ ನೋಡಿ ಎಂದಿದ್ದೆ ನಾನು ಅವಳಿಗೆ. ಹತ್ತು. ಫ್ಯಾನು ಕಟಕ್. ನನಗೆ ಆಗ ಅನಿಸಿದ್ದನ್ನು ಇದ್ದ ಹಾಗೆ ಹೇಳುತ್ತೇನೆ: ಈ ಮಗು ಉಳಿಯದಿದ್ದರೆ ನಾನು ಈ ಕುರ್ಚಿಯಿಂದ ಏಳುವುದಿಲ್ಲ, ಎದ್ದರೂ ಮತ್ತೆ ಬಂದು ಕೂರುವುದಿಲ್ಲ.

ಹನ್ನೊಂದು ಹನ್ನೊಂದು. ಹನ್ನೆರಡು.

ಹೆಜ್ಜೆ ಸದ್ದು. ಏದುಸಿರು.

"ಅಕ್ಕ... ಇದೀರಾ?"

"ಹೇಳೋ!"

"ಹಾಕಿದ್ರು. ದೊಡ್ಡ ಸಿಲಿಂಡರ್‌ಗೆ ಹಾಕಿದ್ರು. ಗೇಟಿನವನನ್ನ ತಳ್ಳಿ ನಾನೇ ಗೇಟ್ ತೆಗೆದೆ. ಕ್ಯಾಪ್ಟನ್ ಅಷ್ಟರಲ್ಲಿ ವಿಮಾನಾನ ಗೇಟಿನ ಹತ್ರಕ್ಕೇ ತಂದ್ಬಿಟ್ಟಿದ್ದ, ಹುಚ್ಚನ ಹಾಗೆ ಓಡಿಸ್ಕೊಂಡು. ನರ್ಸು ಆರು ನಿಮಿಷ ಕೈಯಲ್ಲೇ ಒತ್ತಿದಾರೆ. ಬೆರಳು ಬಿಡಿಸೋಕಾಗ್ತಿರಲಿಲ್ಲ ಅವರಿಗೆ."

"ಮಗು?" ಎಂದಳು ಟೈಲರಮ್ಮ.

"ಯಾರದು?"

"ಅದರಜ್ಜಿ. ಮಗು ಹೇಗಿದೆ ಹೇಳಪ್ಪ?"

ಅವನ ಧ್ವನಿ ಮೆತ್ತಗಾಯಿತು. "ಉಸಿರಿದೆ ಅಮ್ಮ. ನಾನು ನೋಡ್ದಾಗ ಬೂದಿ ಬಣ್ಣ ಇತ್ತು. ಆಂಬುಲೆನ್ಸ್ ಬಾಗಿಲು ಹಾಕೋ ಹೊತ್ತಿಗೆ ಕಾಲು ಕೆಂಪಾಗ್ತಿತ್ತು. ಒದೀತಿತ್ತು ಅಮ್ಮ, ಕಾಲು ಒದೀತಿತ್ತು."

ಟೈಲರಮ್ಮ ನನ್ನ ಕೈ ಬಿಟ್ಟಳು. ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಪಿನ್ನು ಚುಚ್ಚೀತು ಎಂದು ನಾನು ಸೆರಗು ಹಿಡಿಯಲು ಹೋದೆ, ಕೈ ತಳ್ಳಿದಳು. ಸರಿ ಎಂದು ನಾನೂ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತೆ. ನನಗೂ ಅಳು ಬಂತು. ಯಾರು ನೋಡಿದರೂ ಆಗ ನನಗೆ ಲೆಕ್ಕಕ್ಕಿರಲಿಲ್ಲ.

ಹನ್ನೆರಡು ಗಂಟೆಯ ಹೊತ್ತಿಗೆ ಅವಳ ಅಳಿಯ ಆಸ್ಪತ್ರೆಯಿಂದ ಫೋನ್ ಮಾಡಿದ. ಮಗುವನ್ನು ಯಂತ್ರಕ್ಕೆ ಹಾಕಿದ್ದಾರೆ, ಎರಡು ದಿನ ಕಳೆಯಬೇಕು, ಆದರೆ ಡಾಕ್ಟರ ಮುಖದಲ್ಲಿ ಧೈರ್ಯ ಕಾಣುತ್ತಿದೆ ಎಂದ. ಫೋನಿಟ್ಟು ಅವಳು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಬದುಕ್ತು ಅಂತ ನಿನ್ನ ಬಿಟ್ಟೆ ಅಂದ್ಕೋಬೇಡ."

"ಅಂದ್ಕೊಂಡಿಲ್ಲ. ನಡೆದಿದ್ದೆಲ್ಲ ಬರೆದು ಮೇಲಿನವರಿಗೆ ಕಳಿಸ್ತೀನಿ. ಏನು ಮಾಡ್ತಾರೋ ಮಾಡಲಿ."

"ಬರಿ. ಮೊದಲು ಅದನ್ನ ಅಳಿಸು" ಎಂದು ಗೋಡೆಯ ಕಡೆ ಗಲ್ಲ ತೋರಿಸಿದಳು.

ಬೋರ್ಡು ಅಳಿಸಲು ಹೋದರೆ ಶಾಯಿ ಬಿಡಲೇ ಇಲ್ಲ. ವರ್ಷಗಟ್ಟಲೆ ಒಣಗಿ ಕಲ್ಲಾಗಿತ್ತು. ಡಸ್ಟರಿನಿಂದ ಉಜ್ಜಿದೆ, ಬೆರಳಿ‍ನಿಂದ ಉಜ್ಜಿದೆ. ಟೈಲರಮ್ಮ ಸ್ವಲ್ಪ ಹೊತ್ತು ನೋಡಿ, ಚೀಲದಿಂದ ಒಂದು ಹಿಡಿ ಚೂರುಬಟ್ಟೆ ತೆಗೆದು ಕೊಟ್ಟಳು. "ಒದ್ದೆ ಮಾಡ್ಕೊಂಡು ತಿಕ್ಕು. ಒಣ ಕೈಯಲ್ಲಿ ಹೋಗುತ್ತಾ ಅದು?" ಹನ್ನೊಂದು ಸಾಲನ್ನೂ ತಿಕ್ಕಿ ತೆಗೆಯುವಷ್ಟರಲ್ಲಿ ನನ್ನ ಭುಜ ಬಿದ್ದುಹೋಗಿತ್ತು.

ಎರಡು ಗಂಟೆಗೆ ಅದೇ ಊರಿಗೆ ನಮ್ಮ ಇನ್ನೊಂದು ವಿಮಾನ ಹೋಗುತ್ತದೆ. ಅದರಲ್ಲಿ ಅವಳಿಗೆ ಸೀಟು ಹಾಕಿಸಿದೆ. ಹೊರಡುವಾಗ ಮೂಲೆಯ ಸಿಲಿಂಡರ್ ತೋರಿಸಿ, "ಅದೂ ನನ್ನ ಜೊತೆ ಬರಲಿ" ಎಂದಳು. "ಅಲ್ಲಿ ಅವರಿಗೆ ಬೇಕಾಗುತ್ತೋ ಇಲ್ವೋ, ನಂಗೊತ್ತಿಲ್ಲ. ಹೋಗಬೇಕಾಗಿದ್ದ ಜಾಗಕ್ಕೆ ಹೋಗಲಿ."

ಫಾರಂ ತುಂಬಿದೆ. ಮೆಕ್ಯಾನಿಕ್ ಬಂದು ಬೆಲ್ಟು ಹಾಕಿ ಬಿಗಿದ. ನಾನು ವಾಚು ನೋಡಿದೆ. ಫಾರಂ ಸೇರಿ ನಾಲ್ಕು ನಿಮಿಷ ಹಿಡಿಯಿತು. ಬೆಳಿಗ್ಗೆ ನರ್ಸಿಗೆ ಹತ್ತು ಎಂದಿದ್ದೆ. ಆ ಹತ್ತನ್ನು ನಾನು ಯಾವತ್ತೂ ಅಳೆದೇ ಇರಲಿಲ್ಲ.

ವಿಮಾನದವರೆಗೆ ಅವಳ ಚೀಲ ಹಿಡಿದು ನಾನೇ ನಡೆದೆ. ಎಷ್ಟೋ ವರ್ಷವಾಗಿತ್ತು ಆ ಬಿಸಿಲಿನ ನೆಲದ ಮೇಲೆ ಕಾಲಿಟ್ಟು. ಕೋಣೆಯ ಬಾಗಿಲಿನಿಂದ ಮೆಟ್ಟಿಲಿನವರೆಗೆ ಅವಳ ನಡಿಗೆಯಲ್ಲಿ ಆರು ನಿಮಿಷ. ಮೊದಲ ಮೆಟ್ಟಿಲಿನ ಮೇಲೆ ನಿಂತು ಟೇಪನ್ನು ಕುತ್ತಿಗೆಯಿಂದ ತೆಗೆದು ಸುತ್ತಿ ಚೀಲಕ್ಕೆ ಹಾಕಿದಳು. ಫೋನು ಕಿವಿಗಿಟ್ಟುಕೊಂಡು, ಆ ಕಡೆ ಅಳಿಯ ಕಾಯುತ್ತಿರುವಾಗಲೇ ನನ್ನನ್ನು ಕೇಳಿದಳು:

"ಎಷ್ಟು ಹೊತ್ತಾಗುತ್ತೆ ಅಲ್ಲಿಗೆ?"

ನಾನು ಗಾಳಿ ನೋಡಿದೆ, ವಿಮಾನ ನೋಡಿದೆ, ಅವಳ ಮಂಡಿ ನೋಡಿದೆ.

"ಒಂದು ಗಂಟೆ ಎಂಟು ನಿಮಿಷ. ಬಾಗಿಲಿಂದ ಬಾಗಿಲಿಗೆ."

ಅವಳು ಫೋನಿಗೆ ಹೇಳಿದಳು. "ಸುಮಾರು ಒಂದೂವರೆ ಗಂಟೆ ಆಗುತ್ತಂತೆ ಕಣಪ್ಪ."

ನಾನು ಬಾಯಿ ಮುಚ್ಚಿಕೊಂಡು ಅವಳ ಚೀಲವನ್ನು ಮೇಲಕ್ಕೆ ಕೊಟ್ಟೆ.